ಕಾರು ಹಡಗು ಹತ್ತುವ ಮುನ್ನ
ಜಪಾನಿನ ಕೆಲಸ ಮುಗಿಸಿ ಅಮೆರಿಕಕ್ಕೆ ಹೊರಟಿದ್ದೀರಿ. ಅಕ್ಕರೆಯ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರನ್ನೂ ಒಯ್ಯುವ ಆಸೆ. ಸ್ವಲ್ಪ ತಡೆಯಿರಿ. ಅಮೆರಿಕದ ಸುರಕ್ಷತಾ ಮಾನದಂಡಕ್ಕೆ ತಕ್ಕಂತೆ ತಯಾರಾಗದ ಕಾರಿಗೆ 25 ವರ್ಷ ತುಂಬದೆ ಸಾಮಾನ್ಯವಾಗಿ ಅಲ್ಲಿ ಪ್ರವೇಶವಿಲ್ಲ. ಲೆಕ್ಕ ಶುರುವಾಗುವುದು ಕಾರು ತಯಾರಾದ ತಿಂಗಳಿನಿಂದ, ಮಾಡೆಲ್ ವರ್ಷದಿಂದಲ್ಲ. 2001ರ ಡಿಸೆಂಬರಿನದಾದರೆ 2026ರ ಡಿಸೆಂಬರ್ ತನಕ ಕಾಯಲೇಬೇಕು.

ಹೆಚ್ಚಿನವರು ಎಡವುವುದು ಆಮೇಲೆ. ಕಸ್ಟಮ್ಸ್‌ನವರು ಬಿಟ್ಟರೆಂದರೆ ನಂಬರ್ ಪ್ಲೇಟ್ ಸಿಕ್ಕಿತೆಂದೇ ತಿಳಿಯುತ್ತಾರೆ. ನೋಂದಣಿ ಇರುವುದು ಆಯಾ ರಾಜ್ಯದ ಕೈಯಲ್ಲಿ, ಮಾರಾಯರೇ! ಕ್ಯಾಲಿಫೋರ್ನಿಯಾದಲ್ಲಂತೂ 1975ರ ನಂತರದ ಪೆಟ್ರೋಲ್ ಕಾರು ಆ ರಾಜ್ಯದ್ದೇ ಹೊಗೆ ನಿಯಮಗಳನ್ನು ಪಾಲಿಸಬೇಕು. ಆ ಖರ್ಚಿಗೆ ಜೇಬು ಬರಿದಾದೀತು. ಜಪಾನಿನ ರಫ್ತು ಪ್ರಮಾಣಪತ್ರವನ್ನೂ ಅದರ ಇಂಗ್ಲಿಷ್ ಅನುವಾದವನ್ನೂ ಜೋಪಾನವಾಗಿಡಿ. ಹಡಗಿಗೆ ಮುಂಗಡ ಕೊಡುವ ಮೊದಲೇ ನೀವು ನೆಲೆಸುವ ರಾಜ್ಯದ ವಾಹನ ಇಲಾಖೆಯನ್ನು ಕೇಳಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.