ಗೋಧಿ ಒಗ್ಗದ ಕರುಳು: ಸೀಲಿಯಾಕ್ ಕಾಯಿಲೆಯೂ ನಮ್ಮ ಅಡುಗೆ ಮನೆಯೂ



ಗುಂಪಿನ ಸಭೆಗಳಲ್ಲಿ ರಕ್ತಹೀನತೆಯ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ: "ಸಿಸ್ಟರ್, ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನುಂಗಿದ್ರೂ ರಕ್ತ ಏರ್ತಾನೇ ಇಲ್ಲ, ಯಾಕೆ?" ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳದಿರುವುದು, ಜಂತುಹುಳು, ಮುಟ್ಟಿನಲ್ಲಿ ಹೆಚ್ಚು ಸ್ರಾವ, ಇವು ಸಾಮಾನ್ಯ ಕಾರಣಗಳು. ಆದರೆ ಕೆಲವರಲ್ಲಿ ಮಾತ್ರೆಯ ತಪ್ಪೂ ಇಲ್ಲ, ಊಟದ ಕೊರತೆಯೂ ಇಲ್ಲ. ತಿಂದದ್ದನ್ನು ಹೀರಿಕೊಳ್ಳಬೇಕಾದ ಕರುಳೇ ಸವೆದು ಹೋಗಿರುತ್ತದೆ. ಹಾಗೆ ಕರುಳನ್ನು ಸವೆಸುವ ಒಂದು ಕಾಯಿಲೆಯ ಬಗ್ಗೆ ಈ ಪಾಠದಲ್ಲಿ ತಿಳಿಯೋಣ. ಅದರ ಹೆಸರು ಸೀಲಿಯಾಕ್ ಕಾಯಿಲೆ. ಇದರ ಮದ್ದು ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ, ಅಡುಗೆ ಮನೆಯಲ್ಲೇ ಇದೆ. ಆದ್ದರಿಂದ ಡಾಕ್ಟರಿಗೆ ಗೊತ್ತಿದ್ದರೆ ಸಾಲದು, ನಮಗೂ ಗೊತ್ತಿರಬೇಕು.

ಕರುಳಿನಲ್ಲಿ ಆಗುವುದೇನು?

ಹೋಳಿಗೆಯ ಕನಕವನ್ನು ನೆನಪು ಮಾಡಿಕೊಳ್ಳಿ. ನಾದಿದಷ್ಟೂ ಜಿಗುಟಾಗುತ್ತದೆ, ಎಳೆದರೆ ಹಿಗ್ಗುತ್ತದೆ. ಜೋಳದ ಹಿಟ್ಟು ಹಾಗಲ್ಲ. ಬಿಸಿನೀರು ಹಾಕಿ ನಾದಿ ಕೈಯಲ್ಲಿ ಬಡಿಯಬೇಕು, ಎಳೆದರೆ ಹರಿದೇ ಹೋಗುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನು. ಬಾರ್ಲಿಯಲ್ಲಿ, ಮತ್ತು ನಮ್ಮ ಕಡೆ ಬೆಳೆಯದ ರೈ ಎಂಬ ಧಾನ್ಯದಲ್ಲಿ ಕೂಡ ಈ ಜಾತಿಯ ಪ್ರೋಟೀನು ಇದೆ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಮೆಕ್ಕೆಜೋಳದಲ್ಲಿ ಇಲ್ಲ.

ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲಿನ ಹಾಗೆ ಸಣ್ಣ ಸಣ್ಣ ಎಳೆಗಳಿಂದ ತುಂಬಿರುತ್ತದೆ. ಊಟದ ಸಾರವನ್ನು ಹೀರುವುದು ಈ ಎಳೆಗಳೇ. ಸೀಲಿಯಾಕ್ ಇರುವವರು ಗೋಧಿ ತಿಂದರೆ, ರೋಗಾಣುವಿನ ಜೊತೆ ಹೋರಾಡಬೇಕಾದ ದೇಹದ ರಕ್ಷಣಾ ಶಕ್ತಿ ತಿರುಗಿ ಈ ಎಳೆಗಳ ಮೇಲೇ ಬೀಳುತ್ತದೆ. ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ಸೊಪ್ಪು ತಿಂದರೂ, ಎಷ್ಟು ಮಾತ್ರೆ ನುಂಗಿದರೂ ಕಬ್ಬಿಣಾಂಶ, ಸುಣ್ಣದ ಅಂಶ ಮೈಗೆ ಹತ್ತುವುದಿಲ್ಲ. ಇದು ಅಂಟುರೋಗವಲ್ಲ. ಆದರೆ ವಂಶದಲ್ಲಿ ಬರುತ್ತದೆ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಅವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಇಂಥವರಲ್ಲಿ ನೂರಕ್ಕೆ ಏಳೆಂಟು ಜನರಿಗೆ ಇರಬಹುದು.

ಮಕ್ಕಳಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ. ಹೊಟ್ಟೆ ಉಬ್ಬಿ, ಕೈಕಾಲು ಸಣಕಲಾಗಿ, ಪದೇ ಪದೇ ನಾತದ ಭೇದಿಯಾಗುತ್ತದೆ. ಮಗು ಓರಗೆಯವರಿಗಿಂತ ಗಿಡ್ಡವಾಗಿಯೇ ಉಳಿಯುತ್ತದೆ. ಕೆಲವು ಹುಡುಗಿಯರು ದೊಡ್ಡವರಾಗುವುದು ತಡವಾಗುತ್ತದೆ. ದೊಡ್ಡವರಲ್ಲಿ ಭೇದಿ ಇಲ್ಲದೆಯೂ ಇರಬಹುದು, ಕೆಲವರಿಗೆ ಮಲಬದ್ಧತೆಯೇ ಇರುತ್ತದೆ. ಬರೀ ಸುಸ್ತು, ಏರದ ರಕ್ತ, ಬಾಯಿಹುಣ್ಣು, ಎಲುಬು ನೋವು, ಇಷ್ಟೇ ಕಾಣಬಹುದು. ಚಿಕಿತ್ಸೆ ಸಿಗದ ಕೆಲವು ಹೆಂಗಸರಲ್ಲಿ ಗರ್ಭ ನಿಲ್ಲದಿರುವುದಕ್ಕೂ ಇದು ಕಾರಣವಾಗುತ್ತದೆ. ಅಂಥ ಮನೆಗಳಲ್ಲಿ ಸೊಸೆಯ ಮೇಲೆ ಎಷ್ಟು ಮಾತು ಬರುತ್ತದೆ ಅನ್ನುವುದು ನಿಮಗೇ ಗೊತ್ತು.

ನಮ್ಮ ಕಡೆ ಇದು ಇದೆಯೇ?

ಇದೆ, ಆದರೆ ಕಡಿಮೆ. ಭಾರತದ ಮೂರು ಭಾಗಗಳಲ್ಲಿ ಆರೋಗ್ಯವಂತ ದೊಡ್ಡವರ ರಕ್ತ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಈ ಕಾಯಿಲೆಯ ಸೂಚನೆ ಉತ್ತರದಲ್ಲಿ ನೂರಕ್ಕೆ 1.23 ಜನರ ರಕ್ತದಲ್ಲಿ ಕಂಡಿತು, ದಕ್ಷಿಣದಲ್ಲಿ ನೂರಕ್ಕೆ 0.10 ಜನರಲ್ಲಿ ಮಾತ್ರ. ಉತ್ತರದವರಿಗೆ ದಿನವೂ ಗೋಧಿಯೇ ಊಟ, ನಮಗೆ ಅಕ್ಕಿ, ರಾಗಿ, ಜೋಳ. ಈಗ ನಮ್ಮ ಮನೆಗಳಲ್ಲೂ ಬೆಳಿಗ್ಗೆ ಬಿಸ್ಕತ್ತು, ಸಂಜೆ ಬೇಕರಿ ಪಫ್ಸು, ರಾತ್ರಿ ಚಪಾತಿ ಬಂದಿದೆ. ಕಾಯಿಲೆ ಅಪರೂಪವಾದದ್ದರಿಂದ ಅದರ ಅನುಮಾನವೂ ಯಾರಿಗೂ ಬೇಗ ಬರುವುದಿಲ್ಲ. ಮಗು ಸಣಕಲಾಯಿತೆಂದು ಶಕ್ತಿ ಬರಲಿ ಅಂತ ಗೋಧಿ ಗಂಜಿಯನ್ನೇ ಹೆಚ್ಚು ಹೆಚ್ಚು ಕುಡಿಸುವುದೂ ಉಂಟು.

ಗೋಧಿಯೇ ಕಾರಣ ಅನ್ನುವುದು ವೈದ್ಯರಿಗೂ ಬಹಳ ಕಾಲ ಗೊತ್ತಿರಲಿಲ್ಲ. ಈ ರೋಗದ ವಿವರವನ್ನು ಇಂಗ್ಲೆಂಡಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು 1888ರಲ್ಲೇ ಬರೆದಿದ್ದರು. ಆಮೇಲೆ ಅಮೆರಿಕದಲ್ಲಿ ಒಬ್ಬ ವೈದ್ಯರು ಇಂಥ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಮಾಡಿಸಿದರು. ಮಕ್ಕಳು ಸುಧಾರಿಸಿದರು. ಸುಧಾರಿಸಿದ್ದು ಬಾಳೆಹಣ್ಣಿನಿಂದಲ್ಲ, ಬ್ರೆಡ್ ಬಿಟ್ಟದ್ದರಿಂದ! ಅದನ್ನು ಸಾಧಿಸಿ ತೋರಿಸಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944-45ರ ಯುದ್ಧಕಾಲದ ಚಳಿಗಾಲದಲ್ಲಿ ಅಲ್ಲಿ ಬ್ರೆಡ್ಡೇ ಸಿಗದಂಥ ಬರ ಬಂತು. ಊರಿಗೆ ಊರೇ ಹಸಿದಿರುವಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು, ಬ್ರೆಡ್ ಮತ್ತೆ ಬಂದಾಗ ಮತ್ತೆ ಮಲಗಿದರು. ಗೋಧಿಯ ಮೇಲೆ ಮೊದಲೇ ಅನುಮಾನವಿದ್ದ ಡಿಕೆ 1950ರಲ್ಲಿ ತಮ್ಮ ಪ್ರಬಂಧದಲ್ಲಿ ಇದನ್ನು ವಿವರವಾಗಿ ಬರೆದರು. ಇಂದಿಗೂ ಚಿಕಿತ್ಸೆ ಅದೇ: ಜೀವನಪೂರ್ತಿ ಗ್ಲುಟನ್ ಬಿಡುವುದು.

ಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿ

ಈ ಮಾತನ್ನು ದಯವಿಟ್ಟು ಎರಡು ಸಲ ಓದಿ. ಇದನ್ನು ಓದಿದ ಕೂಡಲೇ "ನಂಗೂ ಹೊಟ್ಟೆ ಉಬ್ಬರ ಇದೆ, ನಾಳೆಯಿಂದ ಗೋಧಿ ಬಂದ್" ಅಂತ ನಿರ್ಧರಿಸಬೇಡಿ. ಟಿಟಿಜಿ ಎಂಬ ರಕ್ತ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಸೂಚನೆ ಬಂದರೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನಿಂದ ಚೂರು ತೆಗೆದು ನೋಡುತ್ತಾರೆ. ಗೋಧಿ ಬಿಟ್ಟು ಕೆಲವು ತಿಂಗಳಾಗಿದ್ದರೆ ಎರಡೂ ಸರಿಯಾಗಿ ಕಾಣದೆ ಹೋಗಬಹುದು. ಕಾಯಿಲೆ ಇದ್ದೂ ಇಲ್ಲ ಅಂತ ಬರುತ್ತದೆ. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಇನ್ನೊಂದು ಕಾರಣವೂ ಇದೆ. ತಿಂಗಳುಗಟ್ಟಲೆ ಭೇದಿ, ತೂಕ ಇಳಿಯುವುದು ಇವು ಕರುಳಿನ ಕ್ಷಯದಲ್ಲೂ ಬರುತ್ತವೆ, ಕರುಳು ಹುಣ್ಣಾಗುವ ಬೇರೆ ಕಾಯಿಲೆಗಳಲ್ಲೂ ಬರುತ್ತವೆ. ಅವಕ್ಕೆ ಬೇರೆಯೇ ಔಷಧ ಬೇಕು, ಗೋಧಿ ಬಿಟ್ಟರೆ ಅವು ಗುಣವಾಗುವುದಿಲ್ಲ. ಮಲದಲ್ಲಿ ರಕ್ತ, ಸಂಜೆಯ ಜ್ವರ, ರಾತ್ರಿ ಎಬ್ಬಿಸುವ ಭೇದಿ ಇದ್ದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಆಶಾ ಕಾರ್ಯಕರ್ತೆಯರ ಜೊತೆ ಹೋಗಿ ಡಾಕ್ಟರಿಗೆ ತೋರಿಸಿ. ಕಾಯಿಲೆ ಇಲ್ಲದವರು ಚಪಾತಿ ಬಿಟ್ಟರೆ ಏನೂ ಲಾಭವಿಲ್ಲ, ಹೆದರಬೇಡಿ.

ಏನು ತಿನ್ನೋಣ?

ನಗರದ ದೊಡ್ಡ ಅಂಗಡಿಗಳಲ್ಲಿ ಗ್ಲುಟನ್ ಇಲ್ಲದ ಬಿಸ್ಕತ್ತು, ಬ್ರೆಡ್ ಸಿಗುತ್ತದೆ. ಬೆಲೆ ಕೇಳಿದರೆ ನಮ್ಮಂಥವರ ಕೈ ಹಿಂದೆ ಬರುತ್ತದೆ. ಅವು ಬೇಕಾಗಿಯೂ ಇಲ್ಲ. ಬ್ರೆಡ್ ತಿಂದು ಬೆಳೆದ ದೇಶದವರಿಗೆ ಈ ಪಥ್ಯ ದೊಡ್ಡ ಕಷ್ಟ, ನಮಗೆ ಅರ್ಧ ಕಷ್ಟ. ಮುದ್ದೆ ಸಾರು, ಜೋಳದ ರೊಟ್ಟಿ ಕಾಳು ಪಲ್ಯ, ಅಕ್ಕಿ ರೊಟ್ಟಿ, ನೀರುದೋಸೆ, ಇಡ್ಲಿ, ಕಡುಬು, ಅವಲಕ್ಕಿ, ಮಂಡಕ್ಕಿ, ನವಣೆ ಅನ್ನ ಎಲ್ಲವೂ ನಡೆಯುತ್ತದೆ. ಬರೀ ಬಿಳಿ ಅನ್ನಕ್ಕೆ ಇಳಿಯಬೇಡಿ, ಅದರಲ್ಲಿ ನಾರು, ಕಬ್ಬಿಣ ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಎಲುಬು ಸವೆದವರಿಗೆ ಇದಕ್ಕಿಂತ ಬೇಕೇ? ಪಡಿತರದಲ್ಲಿ ರಾಗಿ, ಜೋಳ ಕೊಟ್ಟಾಗ ಮಾರಿಬಿಡಬೇಡಿ. ಹೆಸರುಕಾಳು, ಹುರುಳಿ, ಶೇಂಗಾ, ಸೊಪ್ಪು, ಮೊಟ್ಟೆ, ಮೀನು ಜೊತೆಗಿರಲಿ. ಮೊದಲ ಕೆಲವು ವಾರ ಹಾಲು ಕುಡಿದರೆ ಕೆಲವರಿಗೆ ಹೊಟ್ಟೆ ಕೆಡುತ್ತದೆ, ಏಕೆಂದರೆ ಹಾಲಿನ ಸಕ್ಕರೆಯನ್ನು ಕರಗಿಸುವುದೂ ಆ ಸವೆದ ಎಳೆಗಳೇ. ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಕರುಳು ಸುಧಾರಿಸಿದ ಮೇಲೆ ಹಾಲೂ ಒಗ್ಗೀತು. ಡಾಕ್ಟರು ಕೊಟ್ಟ ಕಬ್ಬಿಣ, ಸುಣ್ಣದ ಮಾತ್ರೆಗಳನ್ನು ಅವರು ಹೇಳುವವರೆಗೆ ನಿಲ್ಲಿಸಬೇಡಿ.

ಬಿಡಬೇಕಾದದ್ದು ಚಪಾತಿ, ಪೂರಿ, ಬ್ರೆಡ್, ಬನ್ನು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಮೈದಾ ಕೂಡ ಗೋಧಿಯೇ, ಉಪ್ಪಿಟ್ಟಿನ ರವೆ, ಚಿರೋಟಿ ರವೆಯೂ ಗೋಧಿಯೇ. ಇಡ್ಲಿ ರವೆ ಅಕ್ಕಿಯದ್ದು, ಅದು ಆಗಬಹುದು. ಶ್ಯಾವಿಗೆಯಲ್ಲಿ ಅಕ್ಕಿಯದ್ದು, ಗೋಧಿಯದ್ದು ಎರಡೂ ಇದೆ. ಜವೆಗೋಧಿ ಅಂತ ಒಂದು ಕಡೆ ಬಾರ್ಲಿಗೆ ಹೇಳ್ತಾರೆ, ಇನ್ನೊಂದು ಕಡೆ ಹಳೆಯ ಗೋಧಿ ತಳಿಗೆ ಹೇಳ್ತಾರೆ, ಎರಡೂ ಬೇಡ. "ನಾಟಿ ಗೋಧಿ ಒಳ್ಳೇದಂತೆ" ಅನ್ನುವ ಮಾತು ಈ ಕಾಯಿಲೆಗೆ ಅನ್ವಯಿಸುವುದಿಲ್ಲ.

ಇನ್ನು ಕಣ್ಣಿಗೆ ಕಾಣದ ಗೋಧಿ. ಅಂಗಡಿಯ ಡಬ್ಬಿ ಇಂಗು ಬರೀ ಇಂಗಲ್ಲ, ಹೆಚ್ಚಿನವುಗಳಲ್ಲಿ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಸಾರು, ಉಪ್ಪಿನಕಾಯಿ, ಹಪ್ಪಳದ ಮೂಲಕ ಅದು ಹೊಟ್ಟೆ ಸೇರುತ್ತದೆ. ಗೋಬಿ ಮಂಚೂರಿಯಲ್ಲಿ ಮೈದಾ, ಅದಕ್ಕೆ ಹಾಕುವ ಸೋಯಾ ಸಾಸಿನಲ್ಲೂ ಗೋಧಿ. ಹಾಲಿಗೆ ಹಾಕುವ ಕಂಪನಿ ಮಾಲ್ಟ್ ಪುಡಿಗಳಲ್ಲಿ ಸಾಮಾನ್ಯವಾಗಿ ಬಾರ್ಲಿ ಇರುತ್ತದೆ. ನಾವು ಮನೆಯಲ್ಲಿ ಮೊಳಕೆ ಕಟ್ಟಿ ಮಾಡುವ ರಾಗಿ ಮಾಲ್ಟ್ ಬೇರೆ, ಅದು ಬರೀ ರಾಗಿಯದ್ದಾದರೆ ಸರಿ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಬೇಕು. ವೀಟ್, ಬಾರ್ಲಿ, ಮಾಲ್ಟ್, ಸೆಮೊಲಿನಾ, ಗ್ಲುಟನ್, ಈ ಐದು ಇಂಗ್ಲಿಷ್ ಪದಗಳನ್ನು ಗುರುತಿಸಲು ಶಾಲೆಗೆ ಹೋಗುವ ಮಕ್ಕಳಿಂದ ಕಲಿತುಕೊಳ್ಳಿ. ಗ್ಲುಟನ್ ಇಲ್ಲ ಎಂದು ಮಾರಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ.

"ಒಂದು ಚೂರು ತಿಂದ್ರೆ ಏನಾಗುತ್ತೆ ಬಿಡಮ್ಮ" ಅನ್ನುವ ಅತ್ತೆಯರಿಗೆ ಈ ಲೆಕ್ಕ ಹೇಳಿ. ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ ತಿಂಗಳುಗಟ್ಟಲೆ ಒಳಗೆ ಹೋದರೂ ಕರುಳು ಹಾಳಾಗುತ್ತದೆ ಅಂತ ಪರೀಕ್ಷೆಗಳಲ್ಲಿ ಕಂಡಿದೆ. ಅಷ್ಟು ಗ್ಲುಟನ್ ಒಂದು ಚಿಟಿಕೆ ಗೋಧಿ ಹಿಟ್ಟಿನಲ್ಲೇ ಇರುತ್ತದೆ. ಮಗುವಿಗೆ ಆಗ ಹೊಟ್ಟೆನೋವು ಬರಲಿಲ್ಲ ಅಂದಮಾತ್ರಕ್ಕೆ ಒಳಗೆ ಏನೂ ಆಗಿಲ್ಲ ಅಂತಲ್ಲ.

ಗಿರಣಿಯಲ್ಲಿ ಕೆಡುವ ಪಥ್ಯ

ಮನೆಯಲ್ಲಿ ಎಷ್ಟು ಎಚ್ಚರ ವಹಿಸಿದರೂ ಪಥ್ಯ ಕೆಡುವುದು ಹೆಚ್ಚಾಗಿ ಹಿಟ್ಟಿನ ಗಿರಣಿಯಲ್ಲಿ. ಹಿಂದಿನವರು ಗೋಧಿ ಬೀಸಿಕೊಂಡು ಹೋಗಿರುತ್ತಾರೆ, ಕಲ್ಲಿನಲ್ಲಿ ಉಳಿದ ಹಿಟ್ಟು ನಮ್ಮ ರಾಗಿಗೆ ಸೇರುತ್ತದೆ. ಚಿಟಿಕೆಯ ಲೆಕ್ಕ ಈಗಷ್ಟೇ ನೋಡಿದೆವು. ಗಿರಣಿಯವರಿಗೆ ವಿಷಯ ತಿಳಿಸಿ, ಗೋಧಿಗೆ ಬೇರೆ ಯಂತ್ರ ಇರುವಲ್ಲಿ ರಾಗಿ ಯಂತ್ರದಲ್ಲೇ ಹಾಕಿಸಿ. ಒಂದೇ ಯಂತ್ರವಾದರೆ ಚೆನ್ನಾಗಿ ಗುಡಿಸಿ, ಮೊದಲು ಒಂದೆರಡು ಕಿಲೋ ಅಕ್ಕಿ ಬೀಸಿಸಿ ಆ ಹಿಟ್ಟನ್ನು ಮನೆಯ ಉಳಿದವರಿಗೆ ಇಡಿ, ಆಮೇಲೆ ನಿಮ್ಮ ರಾಗಿ ಹಾಕಿಸಿ. ಇದರಿಂದ ಬೆರಕೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆ ಅನ್ನಲಾಗದು. ಒಂದು ಸಣ್ಣ ಮನೆಗಿರಣಿಯನ್ನು ಗೋಧಿ ಮುಟ್ಟಿಸದೆ ಇಟ್ಟುಕೊಳ್ಳುವುದೇ ಮೇಲು. ಸಾಲ ತೆಗೆದು ಹಿಟ್ಟು, ಮಾಲ್ಟ್ ಪುಡಿ ಮಾಡುವ ಗುಂಪುಗಳು ಇದನ್ನು ಯೋಚಿಸಬಹುದು. ಆದರೆ ನಿಮ್ಮ ಪುಡಿಗೆ ಗೋಧಿ ಸೇರಿಸಿದ್ದರೆ ಚೀಟಿಯಲ್ಲಿ ಬರೆಯಲೇಬೇಕು. ಪರೀಕ್ಷೆ ಮಾಡಿಸದೆ ಗ್ಲುಟನ್ ಇಲ್ಲ ಅಂತ ಅಚ್ಚು ಹಾಕಿಸಬೇಡಿ.

ಮನೆಯಲ್ಲಿ ಜರಡಿ, ಲಟ್ಟಣಿಗೆ, ಮಣೆ ಬೇರೆ ಇರಲಿ. ಮರದ ಬಿರುಕಿನಲ್ಲಿ, ಜರಡಿಯ ಕಣ್ಣಿನಲ್ಲಿ ಹಿಟ್ಟು ಕೂತಿರುತ್ತದೆ. ಸ್ಟೀಲ್ ಪಾತ್ರೆ ತೊಳೆದರೆ ಸಾಕು. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬೇಡಿ. ಎಲ್ಲರಿಗೂ ಬೇರೆ ಬೇರೆ ಅಡುಗೆ ಮಾಡುವುದಕ್ಕಿಂತ ರಾತ್ರಿ ಊಟವನ್ನಾದರೂ ಇಡೀ ಮನೆಗೆ ರೊಟ್ಟಿ ಅಥವಾ ಮುದ್ದೆ ಮಾಡಿದರೆ ಹೆಂಗಸರ ದುಡಿಮೆಯೂ ಉಳಿಯುತ್ತದೆ, ಮಗುವೂ ಒಂಟಿಯಾಗುವುದಿಲ್ಲ.

ಹಬ್ಬ ಬಂದಾಗ ಮಕ್ಕಳ ಮುಖ ನೋಡಲಾಗುವುದಿಲ್ಲ. ಯುಗಾದಿಯ ಹೋಳಿಗೆ, ರಂಜಾನಿನ ಶ್ಯಾವಿಗೆ, ಕ್ರಿಸ್ಮಸ್ಸಿನ ಕೇಕು, ನೆವ್ರಿ ಎಲ್ಲದರಲ್ಲೂ ಗೋಧಿ. ಅಕ್ಕಿ ಹಿಟ್ಟಿನ ಕಜ್ಜಾಯ, ಗುಳಿಯೊ, ಚಕ್ಕುಲಿ, ಎಳ್ಳುಂಡೆ, ಶೇಂಗಾ ಚಿಕ್ಕಿಯನ್ನು ಒಂದು ದಿನ ಮೊದಲೇ ಮಾಡಿಡಿ. ಅಂಗನವಾಡಿ ಮತ್ತು ಶಾಲೆಯ ಟೀಚರಿಗೆ, ಬಿಸಿಯೂಟದ ಅಡುಗೆಯವರಿಗೆ ಡಾಕ್ಟರ ಚೀಟಿ ತೋರಿಸಿ ತಿಳಿಸಿ.

ಕ್ರೈಸ್ತ ಮನೆಗಳವರು ಕೇಳುವ ಒಂದು ಪ್ರಶ್ನೆ ಪರಮಪ್ರಸಾದದ್ದು. ಆ ರೊಟ್ಟಿ ಗೋಧಿಯದ್ದೇ ಆಗಿರಬೇಕು, ಗ್ಲುಟನ್ ಪೂರ್ತಿ ತೆಗೆದದ್ದು ಸಲ್ಲದು, ಬಹಳ ಕಡಿಮೆ ಗ್ಲುಟನ್ ಇರುವುದು ಸಲ್ಲುತ್ತದೆ ಎಂದು 2017ರ ವ್ಯಾಟಿಕನ್ ಸುತ್ತೋಲೆ ತಿಳಿಸಿದೆ. ಅದೂ ಆಗದವರು ದ್ರಾಕ್ಷಾರಸವನ್ನು ಮಾತ್ರ ಸ್ವೀಕರಿಸಬಹುದು. ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರ ಮೊದಲೇ ಮಾತಾಡಿ, ನಾಚಿಕೆ ಬೇಡ.

ಪಥ್ಯ ಸರಿಯಾಗಿ ನಡೆದರೆ ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ಭೇದಿ ನಿಲ್ಲುತ್ತದೆ, ಹಸಿವು ಮರಳುತ್ತದೆ. ಕರುಳಿನ ಎಳೆಗಳು ಮತ್ತೆ ಬೆಳೆಯಲು ತಿಂಗಳುಗಳು ಬೇಕು, ದೊಡ್ಡವರಿಗೆ ಒಂದೆರಡು ವರ್ಷಕ್ಕಿಂತ ಹೆಚ್ಚೂ ಹಿಡಿಯಬಹುದು. ಮಗು ದಪ್ಪಗಾಯಿತು, ಇನ್ನು ಸಾಕು ಅಂತ ಪಥ್ಯ ಬಿಡಿಸುವವರಿದ್ದಾರೆ. ಮಗು ದಪ್ಪಗಾದದ್ದೇ ಪಥ್ಯದಿಂದ, ಬಿಟ್ಟರೆ ಮತ್ತೆ ಸವೆತ ಶುರು. ಡಾಕ್ಟರು ಹೇಳಿದ ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿ, ಮಗುವಿನ ತೂಕ, ಎತ್ತರವನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ಗುಂಪಿನಲ್ಲಿ ಮಾಡಲು: ಮುಂದಿನ ಸಭೆಗೆ ಪ್ರತಿಯೊಬ್ಬರೂ ಮನೆಯಿಂದ ಇಂಗಿನ ಡಬ್ಬಿ, ಬಿಸ್ಕತ್ತಿನ ಪೊಟ್ಟಣ, ಮಾಲ್ಟ್ ಪುಡಿಯ ಡಬ್ಬಿ ತನ್ನಿ. ಓದಲು ಬರುವವರು ಗಟ್ಟಿಯಾಗಿ ಓದಲಿ, ಯಾವುದರಲ್ಲಿ ಗೋಧಿ, ಬಾರ್ಲಿ ಇದೆ ಅಂತ ಬೇರೆ ಮಾಡಿ ಇಡಿ. ಆರು ತಿಂಗಳಾದರೂ ರಕ್ತ ಏರದ ಸದಸ್ಯೆಯರು, ವಯಸ್ಸಿಗೆ ತಕ್ಕಂತೆ ಬೆಳೆಯದ ಮಕ್ಕಳು ನಿಮ್ಮ ಗುಂಪಿನ ಮನೆಗಳಲ್ಲಿ ಯಾರಿದ್ದಾರೆ? ಅವರ ಜೊತೆ ಆಸ್ಪತ್ರೆಗೆ ಯಾರು ಹೋಗುತ್ತೀರಿ ಅನ್ನುವುದನ್ನು ಅದೇ ದಿನ ನಿರ್ಧರಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ.