ನೆನೆದ ಬೈಕು: ಮೊದಲು ಒಣಗಿಸಿ, ಆಮೇಲೆ ಸಾಮಾನು ಬದಲಿಸಿ

ಎರೆ ಹೊಲದಲ್ಲಿ ಬಿತ್ತುವ ಹದ ಎರಡು ಮೂರು ದಿನವಷ್ಟೇ. ಬೀಜ, ಗೊಬ್ಬರ ತರುವುದಕ್ಕೂ ಆಳು ಕರೆಯುವುದಕ್ಕೂ ಈಗ ಬೈಕೇ ಬೇಕು. ರಾತ್ರಿ ಮಳೆ ಹೊಡೆದರೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗೋದಿಲ್ಲ. ಗ್ಯಾರೇಜಿಗೆ ತಳ್ಳಿಕೊಂಡು ಹೋದರೆ ಕಾಯಿಲ್ ಹೋಗಿದೆ, ಸಿಡಿಐ ಹೋಗಿದೆ ಅಂತ ಬದಲಿಸುವುದುಂಟು. ಎಷ್ಟೋ ಸಲ ಅವು ಕೆಟ್ಟಿರುವುದೇ ಇಲ್ಲ. ಬಿಚ್ಚಿಟ್ಟ ಹೊತ್ತಿಗೆ ನೀರು ಆರಿರುತ್ತದೆ, ಗಾಡಿ ಶುರುವಾಗುತ್ತದೆ. ದುಡ್ಡು ಮಾತ್ರ ದಂಡ. ನಾನು ನೋಡುವ ಕ್ರಮ ಹೀಗಿದೆ.

ಮೊದಲು ಹಾರನ್

ಕೀ ಹಾಕಿ ಹಾರನ್ ಒತ್ತಿ, ಇಂಡಿಕೇಟರ್ ಹಾಕಿ. ಎರಡೂ ಸತ್ತಿದ್ದರೆ ಫ್ಯೂಸ್ ಮತ್ತು ಬ್ಯಾಟರಿ ತುದಿಗಳನ್ನು ನೋಡಿ. ತುದಿಯಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಕೆರೆದು ಬಿಗಿಮಾಡಿ. ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ. ತಂತಿ ಸುತ್ತಬೇಡಿ, ವೈರಿಗೇ ಬೆಂಕಿ ಹತ್ತೀತು. ಹೊಸದೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ, ಅದು ಮೆಕ್ಯಾನಿಕ್ ಕೆಲಸ. ಮೀಟರ್ ಇದ್ದವರು ಅಳೆದು ನೋಡಬಹುದು. ಗಾಡಿ ನಿಂತಾಗ ಬ್ಯಾಟರಿ 12.5 ವೋಲ್ಟಿನ ಆಸುಪಾಸು, ಎಂಜಿನ್ ಓಡುವಾಗ 14ರ ಹತ್ತಿರ ಇರಬೇಕು.

ಆಮೇಲೆ ಪ್ಲಗ್ ಕ್ಯಾಪ್

ಹಾರನ್ ಕೂಗುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ ಅಂದರೆ ಅನುಮಾನ ಇಲ್ಲೇ. ನೂರು ಸಿಸಿ ಗಾಡಿಗಳಲ್ಲಿ ಮುಂದಿನ ಗಾಲಿ ಎರಚುವ ಕೆಸರು ಪ್ಲಗ್ಗಿಗೇ ಬಡಿಯುತ್ತದೆ. ಪ್ಲಗ್ಗಿಗೆ ಬರುವುದು ಸಾವಿರಾರು ವೋಲ್ಟ್. ಒದ್ದೆ ದಾರಿ ಸಿಕ್ಕರೆ ಅದು ಒಳಗೆ ಕಿಡಿ ಕೊಡದೆ ಹೊರಗೇ ಜಾರಿಹೋಗುತ್ತದೆ. ಕೀ ತೆಗೆದು, ಕ್ಯಾಪ್ ಎಳೆದು, ಒಳಗೂ ಹೊರಗೂ ಒಣಬಟ್ಟೆಯಿಂದ ಒರೆಸಿ. ಪ್ಲಗ್ಗಿನ ಬಿಳಿ ಪಿಂಗಾಣಿಯನ್ನೂ ಒರೆಸಿ. ಅರ್ಧ ಗಂಟೆ ಬಿಸಿಲಿಗೆ ಬಿಡಿ. ಎಷ್ಟೋ ಗಾಡಿ ಇಷ್ಟಕ್ಕೇ ಶುರುವಾಗುತ್ತವೆ.

ಪ್ರತಿ ಮಳೆಗೂ ಹೀಗೇ ಆದರೆ ಕ್ಯಾಪ್ ಸೀಳಿದೆ ಅಂತ ಅರ್ಥ. ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸಿ ನೋಡಿ. ಕ್ಯಾಪಿನ ಸುತ್ತ ನೀಲಿ ಕಿಡಿ ಹರಿದಾಡಿದರೆ ಕ್ಯಾಪ್ ಮಾತ್ರ ಬದಲಿಸಿದರೆ ಸಾಕು, ಕಾಯಿಲ್ ಬೇಕಾಗಿಲ್ಲ. ಓಡುವ ಎಂಜಿನ್ನಿನ ಕ್ಯಾಪನ್ನು ಕೈಯಲ್ಲಿ ಮುಟ್ಟಬಾರದು.

ಸ್ವಿಚ್ಚುಗಳು

ಹ್ಯಾಂಡಲ್ಲಿನ ಕಿಲ್ ಸ್ವಿಚ್ಚನ್ನು ಹತ್ತು ಸಲ ಹಾಕಿ ತೆಗೆಯಿರಿ, ಒಳಗಿನ ಕಿಲುಬು ಉಜ್ಜಿಹೋಗುತ್ತದೆ. ಹೊಸ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಹತ್ತಿರವೂ ಒಂದು ಸ್ವಿಚ್ ಇರುತ್ತದೆ. ಅಲ್ಲಿ ಎರೆಮಣ್ಣು ಮೆತ್ತಿಕೊಂಡರೆ ಸ್ಟ್ಯಾಂಡ್ ಎತ್ತಿದ್ದರೂ ಎತ್ತಿಲ್ಲ ಅಂತಲೇ ಗಾಡಿ ತಿಳಿಯುತ್ತದೆ. ಮಣ್ಣು ತೊಳೆದು ಒರೆಸಿ.

ಕಾರ್ಬುರೇಟರ್ ಇಲ್ಲದ ಗಾಡಿ

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಬಹುಪಾಲು ಗಾಡಿಗಳಲ್ಲಿ ಪೆಟ್ರೋಲನ್ನು ಕರೆಂಟ್ ಪಂಪ್ ದೂಡುತ್ತದೆ. ಕೀ ಹಾಕಿದಾಗ ಟ್ಯಾಂಕಿನಿಂದ ಎರಡು ಮೂರು ಸೆಕೆಂಡ್ ಗುಂಯ್ ಅನ್ನುವ ಸದ್ದು ಬರಬೇಕು. ಬರದಿದ್ದರೆ ಬ್ಯಾಟರಿ, ಫ್ಯೂಸ್, ಕಪ್ಲರ್ ನೋಡಿ. ಕೀ ಆನ್ ಇರುವಾಗ ಕಪ್ಲರ್ ಎಳೆಯಬೇಡಿ. ಹಳೇ ಗಾಡಿಯಂತೆ ಪ್ಲಗ್ ಬಿಚ್ಚಿ ಕಿಡಿ ನೋಡಲು ಹೋಗಬೇಡಿ, ಕಂಪ್ಯೂಟರ್ ಡಬ್ಬಿ ಹಾಳಾಗಬಹುದು.

ಹಳ್ಳದ ನೀರಲ್ಲಿ ಎಂಜಿನ್ ಮುಳುಗಿದ್ದರೆ ಮಾತ್ರ ಸ್ಟಾರ್ಟ್ ಮಾಡಲೇಬಾರದು. ಒಳಗೆ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದನ್ನು ತಳ್ಳಿಕೊಂಡೇ ಹೋಗಿ.

ಮಳೆಗೆ ಮುಂಚೆ

ಮುಂದಿನ ಮಡ್‌ಗಾರ್ಡಿಗೆ ಉದ್ದನೆಯ ರಬ್ಬರ್ ಪಟ್ಟಿ ಕಟ್ಟಿ. ಬ್ಯಾಟರಿ ತುದಿಗೆ ವ್ಯಾಸಲೀನ್ ಸವರಿ. ಒಂದು ಫ್ಯೂಸ್, ಒಂದು ಒಣಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಸೀಟಿನಡಿ ಇರಲಿ. ಗೋಣಿಚೀಲ ಹೊದಿಸಬೇಡಿ, ಅದು ನೀರು ಹಿಡಿದಿಟ್ಟು ಗಾಡಿಯನ್ನು ಆರಲು ಬಿಡುವುದಿಲ್ಲ.