ಗೊಬ್ಬರದ ಲೆಕ್ಕಕ್ಕೆ ಬೀಜಗಣಿತ

ಬೀಜಗಣಿತವು ಪಾಠಶಾಲೆಯ ಬಾಲಕರಿಗೆ ಮಾತ್ರ ಸಂಬಂಧಪಟ್ಟುದೆಂಬ ಭಾವನೆ ಸರಿಯಲ್ಲ. ತಿಳಿಯದ ಪರಿಮಾಣಕ್ಕೆ ಒಂದು ಅಕ್ಷರವನ್ನು ಹೆಸರಾಗಿಟ್ಟು, ತಿಳಿದ ಸಂಗತಿಗಳಿಂದ ಅದರ ಬೆಲೆಯನ್ನು ಕಂಡುಹಿಡಿಯುವುದೇ ಈ ಗಣಿತದ ತಿರುಳು. ಎರಡು ಬಗೆಯ ಗೊಬ್ಬರ ಕೊಳ್ಳುವ ರೈತನಿಗೆ ಇದರಿಂದ ಹಣವೂ ಉಳಿಯುತ್ತದೆ, ಪೈರೂ ಉಳಿಯುತ್ತದೆ.

ಸಮಸ್ಯೆ: ಮಣ್ಣು ಪರೀಕ್ಷೆಯಂತೆ ಒಂದು ಎಕರೆ ಮಳೆಯಾಶ್ರಯದ ರಾಗಿಗೆ 20 ಕಿಲೋಗ್ರಾಂ ಸಾರಜನಕವೂ 16 ಕಿಲೋಗ್ರಾಂ ರಂಜಕವೂ ಬೇಕಾಗಿದೆಯೆಂದಿರಲಿ. ಡಿ.ಎ.ಪಿ.ಯ ನೂರು ಭಾಗದಲ್ಲಿ ಸಾರಜನಕ 18, ರಂಜಕ 46. ಯೂರಿಯಾದ ನೂರು ಭಾಗದಲ್ಲಿ ಸಾರಜನಕ 46, ರಂಜಕವಿಲ್ಲ. ಯಾವ ಗೊಬ್ಬರ ಎಷ್ಟು ಬೇಕು?

ವಿಧಾನ: ಡಿ.ಎ.ಪಿ.ಯ ತೂಕಕ್ಕೆ ‘ಡ’ ಎಂದೂ ಯೂರಿಯಾದ ತೂಕಕ್ಕೆ ‘ಯ’ ಎಂದೂ ಹೆಸರಿಡಬೇಕು. ರಂಜಕವು ಡಿ.ಎ.ಪಿ.ಯೊಂದರಿಂದಲೇ ದೊರೆಯತಕ್ಕದ್ದಾದ ಕಾರಣ ಮೊದಲು ಅದನ್ನು ಲೆಕ್ಕಿಸಬೇಕು.

0.46 × ಡ = 16
ಡ = 16 ÷ 0.46 = ಸುಮಾರು 35 ಕಿಲೋಗ್ರಾಂ

ಈ 35 ಕಿಲೋಗ್ರಾಂ ಡಿ.ಎ.ಪಿ.ಯಲ್ಲಿಯೇ 35 × 0.18 = 6.3 ಕಿಲೋಗ್ರಾಂ ಸಾರಜನಕವಿದೆ. ಉಳಿದುದನ್ನು ಯೂರಿಯಾ ಒದಗಿಸಬೇಕು.

6.3 + 0.46 × ಯ = 20
0.46 × ಯ = 13.7
ಯ = 13.7 ÷ 0.46 = ಸುಮಾರು 30 ಕಿಲೋಗ್ರಾಂ

ಸಾಮಾನ್ಯವಾಗಿ ಆಗುವ ತಪ್ಪು: ಡಿ.ಎ.ಪಿ.ಯಲ್ಲಿರುವ ಸಾರಜನಕವನ್ನು ಕಳೆಯದೆ 20ನ್ನು 0.46ರಿಂದ ಭಾಗಿಸಿದರೆ 43.5 ಕಿಲೋಗ್ರಾಂ ಬರುತ್ತದೆ. ಎಕರೆಗೆ 13.5 ಕಿಲೋಗ್ರಾಂ ಯೂರಿಯಾ ಹೆಚ್ಚಾಯಿತು. ಇದು ಕೇವಲ ಹಣದ ನಷ್ಟವಲ್ಲ. ಸಾರಜನಕ ಮಿತಿಮೀರಿದ ಪೈರು ಕಡುಹಸುರಾಗಿ ಬೆಳೆದು, ದಂಟು ಬಲವಿಲ್ಲದೆ, ತೆನೆಯ ಕಾಲದ ಗಾಳಿಮಳೆಗೆ ನೆಲಕ್ಕೊರಗುವ ಭಯವುಂಟು.

ಹಾಕುವ ಕ್ರಮ: ಡಿ.ಎ.ಪಿ.ಯೆಲ್ಲವನ್ನೂ ಬಿತ್ತನೆಯ ಕಾಲದಲ್ಲಿಯೇ ಕೊಡಬೇಕು. ಸಾರಜನಕದ ಅರ್ಧವನ್ನು, ಎಂದರೆ 10 ಕಿಲೋಗ್ರಾಂ, ಆಗಲೇ ಕೊಡುವುದಾದರೆ ಅದರೊಡನೆ ಬೇಕಾದ ಯೂರಿಯಾ (10 − 6.3) ÷ 0.46 = 8 ಕಿಲೋಗ್ರಾಂ. ಉಳಿದ 22 ಕಿಲೋಗ್ರಾಂ ಯೂರಿಯಾವನ್ನು ಕಳೆ ತೆಗೆದ ಮೇಲೆ, ಮಣ್ಣಿನಲ್ಲಿ ತೇವವಿರುವಾಗ, ಮೇಲುಗೊಬ್ಬರವಾಗಿ ಕೊಡುವುದು ಉತ್ತಮ.

ಗಮನಿಸತಕ್ಕ ಅಂಶಗಳು:
1. ಡಿ.ಎ.ಪಿ. ಮೂಟೆ 50 ಕಿಲೋಗ್ರಾಂ ತೂಗುತ್ತದೆ. ಯೂರಿಯಾ ಮೂಟೆಯನ್ನು 2018ರಲ್ಲಿ 50ರಿಂದ 45 ಕಿಲೋಗ್ರಾಂಗೆ ಇಳಿಸಲಾಯಿತು. ಆದಕಾರಣ ಮೂಟೆಗಳನ್ನು ಎಣಿಸದೆ ತೂಕವನ್ನೇ ನೋಡತಕ್ಕದ್ದು.
2. ಹೊಲವು 30 ಗುಂಟೆಯಾದರೆ ಮೇಲಿನ ಉತ್ತರಗಳ ಮುಕ್ಕಾಲು ಭಾಗ ಸಾಕು.
3. ಬೇರೆ ಬೆಳೆಗೆ ಅಂಕಿಗಳು ಮಾತ್ರ ಬದಲಾಗುತ್ತವೆ; ಲೆಕ್ಕದ ಕ್ರಮವು ಬದಲಾಗುವುದಿಲ್ಲ.